ಬೀದಿ ಹಂಚಿಕೊಂಡ ಸೂರು

ಕಾಫಿ ಕಪ್ಪನ್ನು ತುಟಿಯವರೆಗೆ ಒಯ್ದ ಆರ್ಡಿಸ್ ಕುಡಿಯುವುದನ್ನೇ ಮರೆತಳು. ನೆರೆಮನೆಯ ನಾರ್ಬರ್ಟನ ಅಡುಗೆಮನೆಯಲ್ಲಿ ಜಾಡಿಗಳ ಹಲಗೆಯನ್ನು ಹೊತ್ತಿದ್ದ ಎರಡು ಮರದ ಬ್ರಾಕೆಟ್ಟುಗಳ ಮೇಲೆ ದ್ರಾಕ್ಷಿಗೊಂಚಲು ಕೆತ್ತಿತ್ತು.

"ಇವು ನನ್ನ ಮನೇವಲ್ವೇನಯ್ಯಾ?"

ನಾರ್ಬರ್ಟನ ಮುಖ ಕೆಂಪಾಯಿತು. "ನಮ್ಮಪ್ಪ ತಂದಿದ್ದು ಕಣೆ. ಬೀದೀಲಿ ಬಿದ್ದಿದ್ವಂತೆ. ಕದ್ದಿದ್ದೇನಲ್ಲ."

ಕದ್ದಿರಲಿಲ್ಲ, ನಿಜ. ಓಹಾಯೋ ನದಿಯ ದಂಡೆಯ ಆ ಊರಲ್ಲಿ ಉಗಿದೋಣಿಗಳ ಯಜಮಾನನೊಬ್ಬ ಇಟಲಿಯ ಬಂಗಲೆಗಳನ್ನು ಚಿತ್ರದಲ್ಲಷ್ಟೇ ಕಂಡು ಕಟ್ಟಿಸಿದ ಮನೆ ಆರ್ಡಿಸಳದು. ಎತ್ತರದ ಕಮಾನು ಕಿಟಕಿಗಳು, ನೆತ್ತಿಯ ಮೇಲೊಂದು ಗಾಜಿನ ಗೋಪುರ, ಅಗಲವಾದ ಸೂರಿನ ಕೆಳಗೆ ದ್ರಾಕ್ಷಿಗೊಂಚಲು ಕೆತ್ತಿದ ಸಾಲು ಬ್ರಾಕೆಟ್ಟುಗಳು. ಅಲ್ಯೂಮಿನಿಯಂ ತಗಡು ಹೊದಿಸಿದರೆ ಮತ್ತೆಂದೂ ಬಣ್ಣ ಬಳಿಯಬೇಕಿಲ್ಲವೆಂಬ ಮಾರಾಟಗಾರರ ಮಾತಿಗೆ ಊರಿಗೆ ಊರೇ ಮರುಳಾದ ಕಾಲದಲ್ಲಿ, ತಗಡಿಗೆ ಅಡ್ಡಿಯೆಂದು ಬ್ರಾಕೆಟ್ಟುಗಳನ್ನೆಲ್ಲ ಕಿತ್ತು ಬೀದಿಗೆ ಎಸೆದಿದ್ದರು. ಬುದ್ಧಿಯನ್ನೂ ಜೊತೆಗೇ ಎಸೆದಿದ್ದರು ಅನ್ನಿ.

ಶಾಲೆಯ ಬಸ್ಸು ಓಡಿಸುತ್ತ ದಿನವೂ ಆ ಮನೆಯನ್ನು ಕಂಡು ಆಸೆಪಟ್ಟಿದ್ದ ಆರ್ಡಿಸ್, ನಿವೃತ್ತಳಾದ ಮೇಲೆ ಅದನ್ನೇ ಕೊಂಡು, ತಗಡು ಸುಲಿದು, ವಾಲಿದ್ದ ಗೋಪುರವನ್ನು ನೆಟ್ಟಗೆ ನಿಲ್ಲಿಸಿದ್ದಳು. ಸೂರು ಮಾತ್ರ ಬೋಳಾಗಿಯೇ ಇತ್ತು; ಅದರ ದ್ರಾಕ್ಷಿಗೊಂಚಲುಗಳನ್ನು ಆಕೆ ಹಳೆಯ ಫೋಟೋದಲ್ಲಷ್ಟೇ ಕಂಡಿದ್ದಳು. ಶನಿವಾರ ಪುರಸಭೆಯ ಅಧಿಕಾರಿ ಪ್ರುವಿಟ್ ತಪಾಸಣೆಗೆ ಬರುವವನಿದ್ದ. ಮುಂಭಾಗ ಮೊದಲಿನಂತೆ ಆಗಿರದಿದ್ದರೆ ಮನೆಯನ್ನು ಕೆಡವಿ ಕಾರು ನಿಲ್ಲಿಸಲು ಜಾಗ ಮಾಡುವುದೆಂದು ತೀರ್ಮಾನವಾಗಿತ್ತು.

"ಶನಿವಾರ ನಮ್ಮ ಅಂಗಳದಲ್ಲಿ ಊಟ," ಎಂದಳು ಆರ್ಡಿಸ್. "ಎಂದಿನ ಹಾಗೆ ಒಬ್ಬೊಬ್ರೂ ಒಂದೊಂದು ಅಡುಗೆ ತರ್ಲಿ. ಮನೇಲಿ ದ್ರಾಕ್ಷಿಗೊಂಚಲಿದ್ರೆ ಅದನ್ನೂ ತರ್ಲಿ. ಬೀದಿಗೆಲ್ಲ ಹೇಳು."

"ಹುಚ್ಚು ನಿಂಗೆ. ಯಾರು ತರ್ತಾರೆ?"

"ನೀನು ತರ್ತೀಯಲ್ಲ!"

ತಂದ. ಅವನ ಹಿಂದೆಯೇ ಬೀದಿಯೂ ಬಂತು. ಒಂದು ಕೈಯಲ್ಲಿ ಆಲೂಗಡ್ಡೆ ಸಲಾಡು, ಸೇಬಿನ ಪೈ. ಇನ್ನೊಂದು ಕಂಕುಳಲ್ಲಿ ಬ್ರಾಕೆಟ್ಟು. ಇಷ್ಟು ವರ್ಷ ಒಂದು ಬ್ರಾಕೆಟ್ಟು ಅಂಚೆಪೆಟ್ಟಿಗೆಯನ್ನು ಹೊತ್ತಿತ್ತು, ಇನ್ನೊಂದು ಪುಸ್ತಕಗಳಿಗೆ ಒತ್ತಾಗಿತ್ತು. ಪಾದ್ರಿಯ ಹೆಂಡತಿ ತಂದದ್ದಕ್ಕೆ ಗುಲಾಬಿ ಬಣ್ಣ ಬಳಿದಿತ್ತು. ಆಕೆ ನಾಚಿಕೆಗೆ ತಲೆ ಎತ್ತಲಿಲ್ಲ. ನಾರ್ಬರ್ಟ್ ಏಣಿ ಹತ್ತಿ, ಹಳೆಯ ಬಣ್ಣದ ನಡುವೆ ಉಳಿದಿದ್ದ ಗುರುತುಗಳ ಮೇಲೆ ಒಂದೊಂದನ್ನೇ ಕೂರಿಸತೊಡಗಿದ. ಆರ್ಡಿಸ್ ಎಲ್ಲರೆದುರೇ ಗಳಗಳನೆ ಅತ್ತಳು.

ಪ್ರುವಿಟ್ ಬಂದಾಗ ಸಾಲು ಬಹುಮಟ್ಟಿಗೆ ಮುಗಿದಿತ್ತು. ಯಾರೋ ಕೊಟ್ಟ ತಟ್ಟೆಯನ್ನು ಹಿಡಿದುಕೊಂಡೇ ಆತ ಸೂರಿನುದ್ದಕ್ಕೂ ಕಣ್ಣಾಡಿಸಿದ.

"ಬಾಗಿಲ ಮೇಲಿಂದು ಒಂದು ಕಾಣ್ತಿಲ್ವಲ್ಲ?"

ಏಣಿಯ ಮೇಲಿಂದ ನಾರ್ಬರ್ಟ್ ಕೂಗಿದ: "ಅದು ನಿಮ್ಮ ಕಚೇರೀಲೇ ಇದೆ ಸ್ವಾಮಿ! ಗಾಳಿಗೆ ಬಾಗಿಲು ಬಡೀಬಾರ್ದು ಅಂತ ಅಡ್ಡ ಇಟ್ಟಿದ್ದೀರಲ್ಲ!"

ಅಂಗಳವೆಲ್ಲ ಗೊಳ್ಳೆಂದಿತು. ಪ್ರುವಿಟ್ ಕಿವಿಯವರೆಗೂ ಕೆಂಪಾಗಿ, ಕೊನೆಗೆ ತಾನೂ ನಕ್ಕ.

"ಕೆಡವೋ ಮಾತು ಮುಗೀತು ಬಿಡಮ್ಮ. ಇರಿ, ಅದನ್ನ ತಂದ್ಬಿಡ್ತೀನಿ," ಎಂದು ತಟ್ಟೆಯನ್ನು ಅಲ್ಲಿಯೇ ಇಟ್ಟು ಕಾರಿನತ್ತ ಓಡಿದ.

ಆರ್ಡಿಸ್ ಅವನ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿದಳು. ಆಮೇಲೆ ನಾರ್ಬರ್ಟನನ್ನು ಕೆಳಗಿಳಿಸಿ, ಏಣಿಯನ್ನು ಬಾಗಿಲ ಬಳಿಗೆ ಸರಿಸಿ, ಎರಡೂ ಕೈಯಲ್ಲಿ ಹಿಡಿದು, ರಸ್ತೆ ನೋಡುತ್ತ ನಿಂತಳು.