ತಾಯಪ್ಪ ಬಿಡಲು ಮರೆತ ಬ್ರೇಕ್

ದೇವಾಪುರದ ತಾಯಪ್ಪನ ಸಣ್ಣ ಟ್ರ್ಯಾಕ್ಟರ್‌ಗೆ ಅವತ್ತು ಬೆಳಿಗ್ಗೆ ಏನೋ ಆಗಿತ್ತು. ಮನೆಯ ಮುಂದಿನಿಂದ ಹೊರಟಾಗಲೇ ನರಳತೊಡಗಿತು. ಊರಿನ ಅಗಸಿ ಬಾಗಿಲು ದಾಟುವ ಹೊತ್ತಿಗೆ ಹೊಗೆ ಕರ್ರಗಾಯಿತು. ತಾಯಪ್ಪ ಎಕ್ಸಿಲೇಟರ್ ಇನ್ನಷ್ಟು ಒತ್ತಿದ. ಟ್ರ್ಯಾಕ್ಟರ್ ಕೂಗಿದ್ದೇ ಕೂಗಿದ್ದು, ಮುಂದೆ ಮಾತ್ರ ಓಡಲೊಲ್ಲದು.

ಅವನು ಹೊರಟಿದ್ದು ನೆರೆಮನೆಯ ಸುಗಲಮ್ಮನ ಹೊಲಕ್ಕೆ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಹತ್ತಿಯ ಸಾಲುಗಳ ನಡುವೆ ಕಳೆ ಎದ್ದಿತ್ತು. ಮತ್ತೆ ಮಳೆ ಹಿಡಿಯುವುದರೊಳಗೆ ಎಡೆ ಹೊಡೆದು ಕಳೆ ತೆಗೆಯಬೇಕು. ಅಗಲ ಕಡಿಮೆ ಇರುವ ಈ ಟ್ರ್ಯಾಕ್ಟರ್ ಸಾಲಿನ ನಡುವೆ ಗಿಡಕ್ಕೆ ತಾಗದಂತೆ ಹೋಗುತ್ತದೆ. ಅದಕ್ಕೇ ಓಣಿಯವರೆಲ್ಲ ತಾಯಪ್ಪನನ್ನು ಕೇಳಿಕೊಂಡಿದ್ದರು. ಜೀವಮಾನವೆಲ್ಲ ಎತ್ತು ಹೂಡಿದ ಮನುಷ್ಯ ಈಗ ಟ್ರ್ಯಾಕ್ಟರ್ ಮೇಲೆ ಎದೆಯುಬ್ಬಿಸಿ ಕೂರುತ್ತಿದ್ದ.

ಹೊಲಕ್ಕೆ ಇಳಿದ ಮೇಲೂ ಅದೇ ಕಥೆ. ಒಂದು ಸಾಲು ಮುಗಿಯುವುದರೊಳಗೆ ಗಾಡಿ ಏದುಸಿರು ಬಿಟ್ಟಿತು.

ಬದುವಿನ ಮೇಲೆ ನಿಂತಿದ್ದ ಸುಗಲಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ತಾಯಪ್ಪಣ್ಣ, ಏನೋ ಸುಟ್ಟ ವಾಸನಿ ಬರಾಕತ್ತದಲ್ಲೋ?"

"ಹೊಸಾ ಗಾಡಿ ಅದ, ಹಂಗೇ ಬರ್ತದ. ಡೀಸೆಲ್‌ನಾಗ ಏನರೆ ಕೂಡಿಸಿರಬೇಕು ಸೂಳೇಮಕ್ಕಳು," ಎಂದ ತಾಯಪ್ಪ.

ಬುತ್ತಿ ತಂದಿದ್ದ ಅವನ ಹೆಂಡತಿ ಬಾಲಮ್ಮ ಹಿಂದಿನ ಗಾಲಿಯ ಹತ್ತಿರ ಕೈ ಒಯ್ದಳು. ಮುಟ್ಟುವ ಮೊದಲೇ ಸರಕ್ಕನೆ ಹಿಂದೆ ಎಳೆದುಕೊಂಡಳು. "ಅಯ್ಯ, ಹಂಚು ಕಾದಂಗ ಕಾದದ! ಬಂದ್ ಮಾಡು ಮೊದ್ಲ. ಇವತ್ತ ಶುಕ್ರವಾರ, ಅಂಜುಮ್ ಮನ್ಯಾಗೇ ಇರ್ತಾಳ. ಆಕಿಗೆ ಫೋನ್ ಹಚ್ಚು."

"ಆ ಹುಡುಗಿಗೆ ಏನು ತಿಳೀತದ?"

"ನಿನಗ ತಿಳಿದಿದ್ರ ಇಷ್ಟೊತ್ತಿಗೆ ಸಾಲು ಮುಗೀತಿತ್ತು."

ಅಂಜುಮ್ ಎಂದರೆ ಅವರ ಓಣಿಯ ಕೊನೆಯ ಮನೆಯ ಚಮನಬೀಯ ಮಗಳು. ಐಟಿಐ ಮುಗಿಸಿ ಸುರಪುರದ ಒಂದು ಟ್ರ್ಯಾಕ್ಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮಾತು ಸ್ವಲ್ಪ ಚುರುಕು. ಸ್ಕೂಟಿ ಮೇಲೆ ಹೊಲಕ್ಕೇ ಬಂದಳು. ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು, ಬಗ್ಗಿ ನೋಡಿದಳು, ಆಮೇಲೆ ತಾಯಪ್ಪ ಮುಂದಿನ ಮೀಟರ್ ಮೇಲೆ ಹಾಕಿದ್ದ ಟವೆಲ್ ಎತ್ತಿದಳು. ಅದರಡಿ ಒಂದು ಕೆಂಪು ದೀಪ ಉರಿಯುತ್ತಿತ್ತು.

"ಕಾಕಾ, ಹ್ಯಾಂಡ್ ಬ್ರೇಕ್ ಬಿಟ್ಟೀರೇನು?"

ತಾಯಪ್ಪ ಬಗ್ಗಿ ನೋಡಿದ, ಬ್ರೇಕಿನ ಲಿವರ್ ಇನ್ನೂ ಎಳೆದೇ ಇತ್ತು. ಅವನ ಮನೆಯ ಮುಂದಿನ ಓಣಿ ಇಳಿಜಾರು. ಇಳಿಜಾರಿನ ಕೊನೆಗೆ ಚಮನಬೀಯ ಬಾಗಿಲು, ಆಕೆ ಕೌದಿ ಹೊಲಿಯುತ್ತ ಕೂರುವ ಕಟ್ಟೆ. ಗಾಡಿ ಜಾರಬಾರದು ಎಂದು ಬಾಲಮ್ಮ ಹೇಳಿ ಹೇಳಿ, ಅವನು ದಿನಾ ಸಂಜೆ ಬ್ರೇಕ್ ಎಳೆದು ನಿಲ್ಲಿಸುತ್ತಿದ್ದ. ಎಳೆಯುವುದು ನೆನಪಿತ್ತು. ಬೆಳಿಗ್ಗೆ ಬಿಡುವುದು ಮರೆತಿತ್ತು.

"ಸೈಕಲ್ ಬ್ರೇಕ್ ಹಿಡಕೊಂಡು ಪೆಡಲ್ ತುಳಿದ್ರ ಏನಾಗ್ತದ ಕಾಕಾ? ಇದೂ ಹಂಗೇ," ಎಂದಳು ಅಂಜುಮ್. "ಇಂಜಿನ್ ಮುಂದ ಎಳೀತದ, ಬ್ರೇಕ್ ಹಿಂದ ಹಿಡೀತದ. ಇಬ್ಬರ ಜಗಳದಾಗ ಬ್ರೇಕಿನ ಪ್ಲೇಟ್ ಸವೀತಾವ, ಕಾಯ್ತಾವ, ಸುಡ್ತಾವ. ಡೀಸೆಲ್ ಸುಮ್ನ ಹೋಗ್ತದ. ಅದೂ ಹೋಗ್ಲಿ ಅನ್ರಿ. ಸುಟ್ಟ ಬ್ರೇಕು ನೀವು ಖರೇನೇ ತುಳಿದಾಗ ಹಿಡಿಯಂಗಿಲ್ಲ. ಕಾಲುವೆ ದಂಡಿ ಮ್ಯಾಲ ಹಂಗಾದ್ರ ಏನ್ ಮಾಡ್ತೀರಿ?"

ಗಾಡಿ ಸುರಪುರಕ್ಕೆ ಹೋಯಿತು. ಪ್ಲೇಟ್ ಬದಲಿಸಬೇಕಾಯಿತು, ಸಾಮಾನು ಬರುವುದು ತಡವಾಯಿತು. ಅಷ್ಟರಲ್ಲಿ ಮಳೆ ಮತ್ತೆ ಹಿಡಿಯಿತು. ಸುಗಲಮ್ಮನ ಹೊಲದ ಕಳೆ ಹತ್ತಿಗಿಂತ ಎತ್ತರ ನಿಂತಿತು. ಆಕೆ ಕುಡುಗೋಲು ಹಿಡಿದು ತಾನೇ ಸಾಲಿಗೆ ಕೂತಳು. ಅವಳ ಬಗ್ಗಿದ ಬೆನ್ನು ನೋಡಿ ತಾಯಪ್ಪನಿಗೆ ನೆಲ ಬಿರಿಯಬಾರದೇ ಅನ್ನಿಸಿತು.

ಗಾಡಿ ತಿರುಗಿ ಮನೆಗೆ ಬಂದ ದಿನ ತಾಯಪ್ಪ ಒಂದು ಶಪಥ ಮಾಡಿದ. ಇನ್ನು ಮುಂದೆ ಹ್ಯಾಂಡ್ ಬ್ರೇಕ್ ಎಳೆಯುವುದೇ ಇಲ್ಲ!

"ಇದೇನ್ ಹೊಸಾ ಆಟ?" ಎಂದಳು ಬಾಲಮ್ಮ.

"ಎಳದ್ರ ತಾನೇ ಬಿಡೋದು ಮರೆಯೋದು? ಎಳೆಯೋದೇ ಬ್ಯಾಡ. ಗಾಲಿಗೆ ಒಂದು ಕಲ್ಲು ಒಡ್ತೀನಿ, ಮುಗೀತು."

"ಅಂಜುಮ್ ಹಂಗ ಹೇಳಿಲ್ಲಲ್ಲ?"

"ಆಕಿ ಅಂಗಡಿಯಾಕಿ, ಹೇಳ್ತಾಳ. ಹೊಲದಾಗ ದುಡಿಯಾವ ನಾನು."

ಕೆಲವು ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಗಾಡಿ ಹಗುರಾಗಿ ಓಡಿತು, ತಾಯಪ್ಪನ ಎದೆ ಮತ್ತೆ ಉಬ್ಬಿತು. ತನ್ನ ಉಪಾಯವನ್ನು ಚಹಾದಂಗಡಿಯಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಬಂದ.

ಹತ್ತಿಗೆ ಔಷಧ ಹೊಡೆಯುವ ದಿನ ಬಂತು. ನೀರು ತರಲು ಗಂಡ ಹೆಂಡತಿ ಹಳ್ಳಕ್ಕೆ ಹೋದರು. ಟ್ರ್ಯಾಕ್ಟರ್‌ನ ಹಿಂದೆ ಸಣ್ಣ ಟ್ರಾಲಿ, ಅದರಲ್ಲಿ ದೊಡ್ಡ ಡ್ರಮ್, ಗಾಡಿಯ ಇಂಜಿನ್ನಿಂದಲೇ ನಡೆಯುವ ನೀರೆತ್ತುವ ಪಂಪು. ಹಳ್ಳದ ದಾರಿ ಮೇಲಿಂದ ನೀರಿನವರೆಗೆ ನೇರ ಇಳಿಜಾರು. ತಾಯಪ್ಪ ಇಳಿಜಾರಿನ ತಲೆಯಲ್ಲಿ ಗಾಡಿ ನಿಲ್ಲಿಸಿದ. ಇಂಜಿನ್ ಚಾಲೂ ಇತ್ತು, ಗೇರು ನ್ಯೂಟ್ರಲ್‌ನಲ್ಲಿತ್ತು. ಬಾಲಮ್ಮ ಪೈಪಿನ ತುದಿ ಹಿಡಿದು ನೀರಿನ ಅಂಚಿಗೆ ಇಳಿದಳು. ತಾಯಪ್ಪ ಇಳಿದು ಕಲ್ಲಿಗಾಗಿ ಆಚೀಚೆ ನೋಡಿದ. ಹತ್ತಿರದಲ್ಲಿ ಒಂದೂ ಕಾಣಲಿಲ್ಲ. ನಾಲ್ಕು ಹೆಜ್ಜೆ ಆಚೆ ಜಾಲಿಯ ಬುಡದಲ್ಲಿ ಒಂದು ಗುಂಡು ಕಂಡಿತು. ಅದನ್ನು ಎತ್ತಲು ಬಗ್ಗಿದ.

ಬೆನ್ನ ಹಿಂದೆ ಗಾಡಿ ಕದಲಿತು.

ಮೊದಲು ಅದು ಬಹಳ ಮೆಲ್ಲಗೆ ಹೋಯಿತು, ಯಾರೋ ಮಲಗಿದವರನ್ನು ಎಬ್ಬಿಸಬಾರದೆಂದು ಹೋದ ಹಾಗೆ. ತಾಯಪ್ಪ ತಿರುಗಿದಾಗ ಅದು ಕೈಗೆ ಸಿಗದಷ್ಟು ದೂರವಿತ್ತು. ಅವನು ಓಡಿದ. ಟ್ರಾಲಿಯ ಹಿಂದಿನ ಹಲಗೆ ಎರಡೂ ಕೈಯಿಂದ ಹಿಡಿದ. ಅದು ಅವನನ್ನೂ ಎಳೆದುಕೊಂಡು ಹೋಯಿತು. "ಹೋ! ಹೋ!" ಎಂದು ಕೂಗಿದ ತಾಯಪ್ಪ. ಎತ್ತಿಗೆ ಕೂಗುವ ಕೂಗು ಅದು. ಎತ್ತಾಗಿದ್ದರೆ ನಿಲ್ಲುತ್ತಿತ್ತು.

ಕೆಳಗೆ ಬಾಲಮ್ಮ ಈ ಕಡೆ ಬೆನ್ನು ಹಾಕಿ ಪೈಪು ಬಿಚ್ಚುತ್ತಿದ್ದಳು. ಇಂಜಿನ್ ಸದ್ದು ಮೊದಲಿನಿಂದ ಇದ್ದದ್ದೇ. ಅದು ಹತ್ತಿರ ಬರುತ್ತಿದೆ ಎಂದು ಅವಳಿಗೆ ತಿಳಿಯಲಿಲ್ಲ. ಆಚೆ ದಡದಲ್ಲಿ, ದಾರಿಯಿಂದ ತುಸು ಬದಿಗೆ, ಎಮ್ಮೆ ಮೈ ತೊಳೆಯುತ್ತಿದ್ದ ಸುಗಲಮ್ಮ ತಲೆ ಎತ್ತಿದಳು.

"ಬಾಲೀ! ಸರೀ! ಈಕಡಿ ಜಿಗಿ! ಜಿಗಿಯೇ!"

ಬಾಲಮ್ಮ ಏಕೆ ಎಂದು ತಿರುಗಿ ನೋಡಲಿಲ್ಲ. ಕೂಗು ಬಂದ ಬದಿಗೆ ಜಿಗಿದಳು, ದಾರಿಯ ಪಕ್ಕದ ಆಪಿನ ಹುಲ್ಲಿನ ಪೊದೆಯಲ್ಲಿ ಮಕಾಡೆ ಬಿದ್ದಳು. ಅವಳು ನಿಂತಿದ್ದ ಜಾಗದ ಮೇಲೆ ಗಾಡಿ ಹಾದು, ಮುಂದಿನ ಗಾಲಿ ಕೆಸರಿಗೆ ನುಗ್ಗಿ, ಒಮ್ಮೆ ನಡುಗಿ ನಿಂತಿತು.

ತಾಯಪ್ಪ ಹತ್ತಿರ ಬಂದಾಗ ಬಾಲಮ್ಮನಿಗೆ ಏಳಲು ಆಗುತ್ತಿರಲಿಲ್ಲ. ಕಾಲಿಗೆ ಏನೋ ಆಗಿದೆ ಎಂದುಕೊಂಡ. ಕಾಲಲ್ಲ, ಸೀರೆ. ಸೆರಗಿನ ಅಂಚು ಹಿಂದಿನ ದೊಡ್ಡ ಗಾಲಿಯ ಕೆಳಗೆ ಕೆಸರಿನಲ್ಲಿ ಸಿಕ್ಕಿಕೊಂಡಿತ್ತು. ಸುಗಲಮ್ಮ ನೀರು ದಾಟಿ ಬಂದು, ಹುಲ್ಲು ಕೊಯ್ಯಲು ತಂದಿದ್ದ ಕುಡುಗೋಲಿನಿಂದ ಸೆರಗು ಕೊಯ್ದಳು. ತಾಯಪ್ಪ ಕೈ ಕೊಟ್ಟ. ಬಾಲಮ್ಮ ಆ ಕೈ ಹಿಡಿಯದೆ ತಾನೇ ಎದ್ದಳು. ಮೊಣಕೈ ತರಚಿತ್ತು, ಮತ್ತೇನೂ ಆಗಿರಲಿಲ್ಲ.

ಅವತ್ತು ಮಧ್ಯಾಹ್ನ ಮನೆಯಲ್ಲಿ ಬಾಲಮ್ಮ ರೊಟ್ಟಿ ಬಡಿದಳು, ತಾಟು ಮುಂದಿಟ್ಟಳು. ತಾಯಪ್ಪ ತುತ್ತು ಮುರಿದ, ಬಾಯಿಗೆ ಒಯ್ಯಲಿಲ್ಲ.

"ಬೈಯ್ಯಾದಿದ್ರ ಬೈದುಬಿಡು," ಎಂದ.

"ಬೈದ್ರ ಗಾಡಿ ನಿಲ್ತದೇನು?" ಎಂದಳು ಬಾಲಮ್ಮ. "ಇವತ್ತ ನಾ ಇದ್ದೆ, ಜಿಗಿದೆ. ನಾಳೆ ಆ ಚಮನಬೀ ಅಕ್ಕ ಕಟ್ಟಿ ಮ್ಯಾಲ ಕೂತಿರ್ತಾಳ. ಮೊಣಕಾಲು ನೋವಿನಾಕಿ ಆಕಿ. ಎಲ್ಲಿಗೆ ಜಿಗೀಬೇಕು?"

ತಾಯಪ್ಪ ಹಲಗೆ ಹಿಡಿದು ಉರಿಯುತ್ತಿದ್ದ ಅಂಗೈ ನೋಡಿಕೊಂಡ.

"ಅಂಜುಮ್‌ಗೆ ಹೇಳ್ತೀನಿ," ಎಂದಳು ಬಾಲಮ್ಮ. "ಇಬ್ಬರೂ ಕೂತು ಕಲಿಯೋಣು. ನಾನೂ ಕಲೀತೀನಿ. ಆ ಗಾಡಿ ಮುಂದ ನಡಿಯಾಕಿ ನಾನು, ಹ್ಯಾಂಗ ನಿಲ್ತದ ಅಂತ ನನಗೂ ತಿಳೀಬೇಕು."

ಮುಂದಿನ ಶುಕ್ರವಾರ ಅಂಜುಮ್ ಬಂದಳು. ಓಣಿಯಲ್ಲೇ ಪಾಠ ಶುರುವಾಯಿತು. ಚಮನಬೀಯೂ ಸೂಜಿ ಬದಿಗಿಟ್ಟು ಕೇಳಿದಳು.

"ಹಾಕಿದ್ರ ಬಿಡೋದು ಮರೀತೀನಿ, ಹಾಕದಿದ್ರ ಉರುಳ್ತದ. ನನ್ನಂಥಾವ ಏನ್ ಮಾಡ್ಬೇಕವ್ವ?" ತಾಯಪ್ಪ ಮನಸ್ಸು ಬಿಚ್ಚಿಯೇ ಕೇಳಿದ.

"ನೆನಪಿನ ಮ್ಯಾಲ ಭಾರ ಹಾಕಬ್ಯಾಡ್ರಿ ಕಾಕಾ, ಕೈಗೆ ರೂಢಿ ಹಾಕ್ರಿ," ಎಂದಳು ಅಂಜುಮ್. "ಇಳೀಬೇಕಾದ್ರ ಹಿಂಗ. ಇವು ಎರಡು ಬ್ರೇಕ್ ಪೆಡಲ್. ಕೊಂಡಿ ಹಾಕಿ ಜೋಡಿಸ್ರಿ, ಇಲ್ಲಂದ್ರ ಒಂದೇ ಗಾಲಿ ಹಿಡೀತದ. ಎರಡೂ ಕೂಡಿಸಿ ಒತ್ತಿ ತುಳೀರಿ, ಈ ಲಿವರ್ ಎಳೀರಿ. ಹಿಂದ ಎಡಿ ಹೊಡಿಯೋ ಕುಂಟಿ ಹಚ್ಚಿದ್ರ ಅದನ್ನ ನೆಲಕ್ಕ ಇಳಿಸ್ರಿ. ಇಂಜಿನ್ ಬಂದ್ ಮಾಡಿ ಗೇರಿಗೆ ಹಾಕ್ರಿ. ಕೀಲಿ ಕಿಸೆಕ್ಕ ಬಂದ ಮ್ಯಾಲೇ ಕಾಲು ನೆಲಕ್ಕ. ಇಳಿಜಾರಿನಾಗ ಕಲ್ಲೂ ಇಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಬ್ರೇಕ್ ಹಾಕಿದ ಮ್ಯಾಲ ಕಲ್ಲು. ಬ್ರೇಕಿನ ಬದ್ಲಿ ಕಲ್ಲಲ್ಲ."

"ಮತ್ತ ಹೊರಡಬೇಕಾದ್ರ?" ಎಂದಳು ಬಾಲಮ್ಮ.

"ಗೇರು ನ್ಯೂಟ್ರಲ್ ಮಾಡಿ ಚಾಲೂ ಮಾಡ್ರಿ. ಮತ್ತ ಗೇರು ಮುಟ್ಟೋಕಿಂತ ಮೊದ್ಲ ಲಿವರ್ ಮುಟ್ರಿ. ಪೆಡಲ್ ಇನ್ನೊಮ್ಮೆ ಒತ್ತಿದ್ರ ಅದು ಸಡಿಲಾಗ್ತದ. ಕೆಂಪು ದೀಪ ಆರ್ಯಾದೇನು ನೋಡ್ರಿ. ಅದರ ಮ್ಯಾಲ ಟವೆಲ್ ಹಾಕಬ್ಯಾಡ್ರಿ! ಆಮ್ಯಾಲ ಸಾವಕಾಶ ಕ್ಲಚ್ ಬಿಡ್ರಿ. ಗಾಡಿ ಜಡ ಅನ್ನಿಸ್ತು ಅಂದ್ರ ಎಕ್ಸಿಲೇಟರ್ ಒತ್ತಬಾರದು, ನಿಲ್ಲಿಸಿ ನೋಡಬೇಕು."

ತಾಯಪ್ಪ ಒಮ್ಮೆ ಮಾಡಿದ, ಮತ್ತೊಮ್ಮೆ ಮಾಡಿದ. ಮೂರನೆಯ ಸಲ ಕೀಲಿ ತಿರುಗಿಸಿ, ಚಮನಬೀ ಏನೋ ಕೇಳಿದಳೆಂದು ಆಕೆಯ ಕಡೆ ನೋಡುತ್ತ, ನೇರ ಗೇರಿಗೆ ಕೈ ಹಾಕಿದ.

"ಮರ್ತಿ!" ಎಂದು ಮೂವರೂ ಹೆಂಗಸರು ಒಟ್ಟಿಗೆ ಕೂಗಿದರು. ತಾಯಪ್ಪನಿಗೂ ನಗು ಬಂತು. ಹಳ್ಳದ ಆ ದಿನದಿಂದ ಅವನು ನಕ್ಕದ್ದು ಅದೇ ಮೊದಲು.

ಬಾಲಮ್ಮ ಒಳಗೆ ಹೋಗಿ ಕೊಯ್ದ ಸೀರೆಯಿಂದ ಒಂದು ಪಟ್ಟಿ ಹರಿದು ತಂದಳು. "ಲಿವರ್ ಎಳೆದ ಕೂಡ್ಲೇ ಇದನ್ನ ಸ್ಟೇರಿಂಗಿಗೆ ಕಟ್ಟು. ಬ್ರೇಕ್ ಬಿಟ್ಟ ಮ್ಯಾಲೇ ಬಿಚ್ಚು. ಅರಿವಿ ಕಟ್ಟಿದ ಸ್ಟೇರಿಂಗ್ ಹಿಡಿಯಾಕ ಹೋದ್ರ ಕೈಯೇ ಹೇಳ್ತದ."

"ಶಹಬ್ಬಾಸ್ ಕಾಕಿ!" ಎಂದಳು ಅಂಜುಮ್. "ಇದು ನಮ್ಮ ಅಂಗಡ್ಯಾಗೂ ಇಲ್ಲ. ನಾಳೆಯಿಂದ ಬಂದವ್ರಿಗೆಲ್ಲ ಹೇಳ್ತೀನಿ."

ಹೀಗೆ ರೂಢಿ ಬಿತ್ತು. ಮೊದಮೊದಲು ಓಣಿಯವರು ಚೇಷ್ಟೆ ಮಾಡಿದರು, ಗಾಡಿಗೆ ಮದುವೆ ಗೊತ್ತಾಗಿದೆಯೇ ಎಂದು ಕೇಳಿದರು. ತಾಯಪ್ಪ ಸಿಟ್ಟಾಗಲಿಲ್ಲ. ಹಳ್ಳದಲ್ಲಿ ನಡೆದದ್ದನ್ನು ಒಂದೂ ಮುಚ್ಚಿಡದೆ ಹೇಳಿದ. ಕಲ್ಲು ಇಟ್ಟರೆ ಸಾಕೆಂದು ತಾನು ಉಪದೇಶ ಮಾಡಿದ್ದ ಚಹಾದಂಗಡಿಗೂ ಹೋಗಿ, ಅದು ತಪ್ಪು ಮಾತು ಎಂದು ಹೇಳಿ ಬಂದ. ಕೇಳಿದವರು ಮನೆಗೆ ಹೋಗಿ ತಮ್ಮ ಗಾಡಿಗಳಿಗೂ ಅರಿವೆ ಕಟ್ಟಿದರು. ಸುಗಲಮ್ಮನ ಹೊಲಕ್ಕೆ ಅವನು ಮುಂದಿನ ಸಲ ಆಕೆ ಕೇಳುವ ಮೊದಲೇ ಹೋಗಿ ಎಡೆ ಹೊಡೆದ.

ಹತ್ತಿ ಬಿಡಿಸಿದ ಮೇಲೆ ಇಬ್ಬರೂ ಟ್ರಾಲಿ ತುಂಬಿಕೊಂಡು ಶಹಾಪುರದ ಹತ್ತಿ ಮಿಲ್ಲಿಗೆ ಹೋದರು. ಮಿಲ್ಲಿನ ಮುಂದೆ ಏರು ದಾರಿ, ಏರಿನುದ್ದಕ್ಕೂ ಗಾಡಿಗಳ ಸಾಲು. ಹಿಂದೆ ಮುಂದೆ ಜನ, ಚೀಲ ಹೊತ್ತ ಹಮಾಲರು, ಶೇಂಗಾ ಮಾರುವವರು. ತಾಯಪ್ಪ ಬ್ರೇಕ್ ಎಳೆದು, ಅರಿವೆ ಕಟ್ಟಿ, ಗಾಲಿಗೆ ಕಲ್ಲಿಟ್ಟು, ಕೀಲಿ ಬಾಲಮ್ಮನ ಕೈಗೆ ಕೊಟ್ಟು ಚೀಟಿ ತರಲು ಒಳಗೆ ಹೋದ. ತುಂಬಿದ ಟ್ರಾಲಿ ಏರಿನ ಮೇಲೆ ಒಂದು ಕೂದಲೆಳೆಯಷ್ಟೂ ಕದಲಲಿಲ್ಲ.

ಅವನು ಬರುವುದರೊಳಗೆ ಸಾಲು ಮುಂದೆ ಸರಿಯಿತು. ಹಿಂದಿನವನು ಹಾರ್ನ್ ಹೊಡೆದ. "ಯವ್ವಾ, ನಿಮ್ಮ ಮನ್ಯಾಗಿನವ್ರನ್ನ ಕರೀರಿ, ಗಾಡಿ ಮುಂದ ತಗೀಲಿ!"

ಗಾಡಿ ಓಡಿಸುವುದನ್ನೂ ಕಲಿತಿದ್ದ ಬಾಲಮ್ಮನ ಕೈಗೆ ಲೈಸೆನ್ಸ್ ಬಂದು ಸ್ವಲ್ಪ ದಿನವಾಗಿತ್ತು. ಕಲ್ಲು ತೆಗೆಯಲು ಪಕ್ಕದ ಹಮಾಲನಿಗೆ ಹೇಳಿ ತಾನು ಹತ್ತಿ ಕೂತಳು. ಇಂಜಿನ್ ಚಾಲೂ ಮಾಡಿದಳು. ಪೆಡಲ್ ಒತ್ತಿ ಹಿಡಿದು ಲಿವರ್ ಬಿಟ್ಟಳು, ದೀಪ ಆರಿದ್ದು ನೋಡಿದಳು, ಅರಿವೆ ಬಿಚ್ಚಿ ಹೆಗಲಿಗೆ ಹಾಕಿದಳು. ಏರಿನಲ್ಲಿ ಗಾಡಿ ಹಿಂದೆ ಸರಿಯದೆ ಮೆಲ್ಲಗೆ ಮುಂದೆ ಹೋಯಿತು. ಚೀಟಿ ಹಿಡಿದು ಬಂದ ತಾಯಪ್ಪ ಗೇಟಿನ ಹತ್ತಿರವೇ ನಿಂತುಬಿಟ್ಟ. ಹಾರ್ನ್ ಹೊಡೆದವನು ಕೇಳಿದ, "ಯಾರ್ರಿ ಅವ್ರು?"

"ನಮ್ಮ ಮನಿಯಾಕಿ," ಎಂದ ತಾಯಪ್ಪ, ಸುತ್ತಲಿನವರಿಗೆಲ್ಲ ಕೇಳುವಷ್ಟು ಜೋರಾಗಿ.

ರೈತ ಬಂಧುಗಳೇ, ಅಕ್ಕ ತಂಗಿಯರೇ, ಸಣ್ಣ ಟ್ರ್ಯಾಕ್ಟರ್ ಸಣ್ಣದೆಂದು ಸದರ ಮಾಡಬೇಡಿ. ಇಳಿಯುವಾಗ ಬ್ರೇಕ್ ಹಾಕಿ, ಹೊರಡುವಾಗ ಬ್ರೇಕ್ ಬಿಡಿ. ಹಾಕದಿದ್ದರೆ ಜೀವಕ್ಕೆ ಅಪಾಯ. ಬಿಡದಿದ್ದರೆ ಗಾಡಿ ಕೆಡುತ್ತದೆ, ಕೆಟ್ಟ ಬ್ರೇಕಿನಿಂದ ಮತ್ತೆ ಜೀವಕ್ಕೇ ಅಪಾಯ. ನಿಮ್ಮ ಗಾಡಿಯ ಲಿವರ್ ಎಲ್ಲಿದೆ, ಹೇಗೆ ಬಿಡುತ್ತದೆ ಎಂದು ಇವತ್ತೇ ನೋಡಿಕೊಳ್ಳಿ. ತಿಳಿಯದಿದ್ದರೆ ಬಲ್ಲವರನ್ನು ಕೇಳಿ, ಕೇಳುವುದರಲ್ಲಿ ನಾಚಿಕೆಯಿಲ್ಲ. ಮನೆಯಲ್ಲಿ ಗಾಡಿ ಓಡಿಸುವವರು ಒಬ್ಬರೇ ಇದ್ದರೂ ಅದನ್ನು ನಿಲ್ಲಿಸುವುದು ಎಲ್ಲರಿಗೂ ಗೊತ್ತಿರಲಿ. ನಾಳೆ ಬೆಳಿಗ್ಗೆ ಕೀಲಿ ತಿರುಗಿಸಿದಾಗ, ಗೇರಿಗೆ ಹೋಗುವ ಕೈಯನ್ನು ಒಂದು ಗಳಿಗೆ ತಡೆಯಿರಿ. ಮೊದಲು ಬ್ರೇಕ್, ಆಮೇಲೆ ಹೊಲ.