ಮದ್ದಿಕ್ಕಿದವರು ಯಾರು?

ಕೋಕಿಲಾ ಬಸ್ಸಾರು ಮಾಡಿದರೆ ಕೆ.ಆರ್. ಪುರದ ಆ ಕ್ವಾರ್ಟರ್ಸಿನಲ್ಲಿ ಮೂರು ಮನೆಯಾಚೆಗೂ ಘಮ ಹೋಗುತ್ತಿತ್ತು. ಗಂಡ ಕೃಷ್ಣಸ್ವಾಮಿ ಕಾರ್ಖಾನೆಯಿಂದ ಬಂದವನೇ ಕೈಕಾಲು ತೊಳೆದು ಎರಡು ಮುದ್ದೆ ಮುಗಿಸುತ್ತಿದ್ದ. ಅಂಥವನು ಎರಡು ಸಾವಿರದ ನಾಲ್ಕರ ಯುಗಾದಿಯ ಹೊತ್ತಿಗೆ ಅರ್ಧ ಮುದ್ದೆಗೇ ಹೊಟ್ಟೆ ಹಿಡಿದುಕೊಂಡು ಏಳತೊಡಗಿದ. ಅತ್ತೆ ಪಿಳ್ಳಮ್ಮ ತಮಗೂ ಮಗನಿಗೂ ಬೇರೆ ಒಲೆ ಹಚ್ಚಿದರು.

ಕೋಕಿಲಾಳಿಗೆ ಅದರ ಅರ್ಥ ಗೊತ್ತಿತ್ತು. ಹತ್ತು ವರ್ಷದ ಹಿಂದೆ ಭಾವ ರಾಮಣ್ಣ ಹೀಗೇ ಸೊರಗಿದಾಗಲೂ ಬೇರೆ ಒಲೆ ಹತ್ತಿತ್ತು. ಹೆಂಡತಿ ಅಮೃತಮ್ಮ ಅನ್ನದಲ್ಲಿ ಮದ್ದಿಕ್ಕಿದ್ದಾಳೆ, ಅದು ಹೊಟ್ಟೆಯಲ್ಲಿ ಕೂತು ಗಂಡನನ್ನು ತಿನ್ನುತ್ತಿದೆ ಎಂದರು. ಆಸ್ಪತ್ರೆ ಬಿಡಿಸಿ ಮದ್ದು ತೆಗೆಯುವವನ ಹತ್ತಿರ ಕರೆದೊಯ್ದರು. ಅವನು ಏನೋ ಕುಡಿಸಿ ವಾಂತಿ ಮಾಡಿಸಿ, ಕರ್ರಗಿನ ಉಂಡೆಯೊಂದನ್ನು ತೋರಿಸಿ "ಇದೇ ನೋಡಿ" ಎಂದ. ತಿಂಗಳಲ್ಲಿ ರಾಮಣ್ಣ ಸತ್ತ. ಹನ್ನೊಂದನೇ ದಿನ ಪಿಳ್ಳಮ್ಮ ಅಮೃತಮ್ಮನನ್ನು ಬೀದಿಗೆಳೆದು, ಕೇರಿಯೆಲ್ಲ ಕೇಳುವಂತೆ ಬೈದು ಅಟ್ಟಿದರು. ಗಂಡನನ್ನು ಕಳೆದುಕೊಂಡವಳಿಗೆ ಕೊಲೆಗಾತಿಯ ಪಟ್ಟ! ಇಂಥ ನಂಬಿಕೆಗೆ ಬೆಂಕಿ ಹಾಕ. ಆಗಿನ್ನೂ ಹೊಸ ಮದುವಣಗಿತ್ತಿ ಕೋಕಿಲಾ. ಬಾಗಿಲ ಹಿಂದೆ ನಿಂತು ನೋಡಿದಳೇ ಹೊರತು ತುಟಿ ಪಿಟಕ್ಕೆನ್ನಲಿಲ್ಲ. ಈಗ ಅಮೃತಮ್ಮ ಹಲಸೂರಿನ ವಠಾರವೊಂದರಲ್ಲಿ, ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳ ಸೀರೆಗಳಿಗೆ ಫಾಲ್ಸ್ ಹೊಲಿದು ಬದುಕುತ್ತಿದ್ದಳು.

"ಶುಕ್ರವಾರ ಮದ್ದು ತೆಗೆಸಕ್ಕೆ ಹೋಗೋಣ ಕಣೋ," ಎಂದರು ಪಿಳ್ಳಮ್ಮ ಮಗನಿಗೆ.

ಈ ಸಲ ಕೋಕಿಲಾ ಅಡ್ಡ ನಿಂತಳು. "ಬೇಡ ಅತ್ತೆ. ಭಾವನ್ನ ಅಲ್ಲೇ ಕಳ್ಕೊಂಡ್ರಿ. ಇವ್ರನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀನಿ."

"ಮಾಡೋದೂ ಮಾಡಿ ಬಾಯಿ ಬೇರೆ! ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತ ಸುಮ್ನೆ ಅಂದ್ರಾ?"

"ನನ್ನನ್ನೂ ಬೀದಿಗೆ ಹಾಕಿ. ಇವ್ರು ಬದುಕಿದ ಮೇಲೆ ಹಾಕಿ."

ಕೃಷ್ಣಸ್ವಾಮಿ ಗೋಡೆ ಹಿಡಿದು ಎದ್ದ. "ನಡಿಯೇ, ಆಟೋ ಕರಿ," ಎಂದ.

ಜಠರದ ಕ್ಯಾನ್ಸರ್. ಇನ್ನೂ ಹರಡಿರಲಿಲ್ಲ. ಆಪರೇಷನ್ ಆದರೆ ಬದುಕುತ್ತಾನೆ ಎಂದರು ಡಾಕ್ಟರು. ಪಿಳ್ಳಮ್ಮ ಮಾತ್ರ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಮದ್ದು ಒಳಗಿರುವಾಗ ಕತ್ತರಿ ಮುಟ್ಟಿಸಲು ಬಿಡೆನೆಂದು ಹಠ ಹಿಡಿದರು. ಅಮ್ಮನ ಮಾತು ಕೇಳಿ ಕೃಷ್ಣಸ್ವಾಮಿಯೂ ಸಹಿ ಹಾಕಲು ಹಿಂಜರಿದ. ಗಡ್ಡೆಯ ತುಣುಕಿನ ಪರೀಕ್ಷೆ ಮಾಡಿಸಿದ್ದ ಡಾಕ್ಟರ್ ಪ್ರಿಯಂವದಾ ಬಂದು ಮುದುಕಿಯ ಪಕ್ಕದಲ್ಲೇ ಕೂತರು.

"ಮನೇಲಿ ಇನ್ಯಾರಿಗೆ ಹೀಗಾಗಿತ್ತು ಅಜ್ಜಿ?"

"ದೊಡ್ಡ ಮಗನಿಗೆ. ಅವನ ಹೆಂಡ್ತಿ ಇಕ್ಕಿದ್ಲು."

"ಮತ್ತೆ?"

"ಮಗಳಿಗೆ. ಮಾಲೂರಿಗೆ ಕೊಟ್ಟಿದ್ವಿ."

"ಅಲ್ಲಿ ಅಡುಗೆ ಯಾರು ಮಾಡ್ತಿದ್ರು?"

"ಅವಳೇ."

"ನಿಮ್ಮ ಯಜಮಾನ್ರು?"

"ಅವ್ರೂ ಹೊಟ್ಟೆ ಗಡ್ಡೆಯಲ್ಲೇ ಹೋದ್ರು."

"ಅವ್ರಿಗೆ ಬಡಿಸ್ತಿದ್ದೋರು ಯಾರು?"

ಪಿಳ್ಳಮ್ಮ ಎರಡೂ ಕೈ ಅಡ್ಡಾಡಿಸಿದರು. "ಅಯ್ಯೋ, ನಾನೇನೂ ಇಕ್ಲಿಲ್ಲ ಕಣಮ್ಮಾ! ದೇವ್ರಾಣೆಗೂ ಇಕ್ಲಿಲ್ಲ!"

"ಗೊತ್ತು ಅಜ್ಜಿ. ನಿಮ್ಮ ಸೊಸೆಯರೂ ಇಕ್ಲಿಲ್ಲ." ಪ್ರಿಯಂವದಾ ಮುದುಕಿಯ ಚೀಲದಿಂದ ಇಣುಕುತ್ತಿದ್ದ ರಾಮಕೋಟಿ ಪುಸ್ತಕ ತೋರಿಸಿದರು. "ಒಂದೇ ಹೆಸರು ಬರೀತಾ ಬರೀತಾ ಒಂದು ಜಾಸ್ತಿ, ಒಂದು ಕಮ್ಮಿ ಆಗುತ್ತಲ್ಲ? ನಮ್ಮ ಮೈಯ ಒಂದೊಂದು ಕಣದಲ್ಲೂ ಡಿಎನ್‌ಎ ಅಂತ ಒಂದು ಬರಹ ಇದೆ. ಕಣ ಎರಡಾದಾಗೆಲ್ಲ ಅದನ್ನ ನಕಲು ಮಾಡ್ಬೇಕು. ಒಂದೇ ಅಕ್ಷರ ಮತ್ತೆ ಮತ್ತೆ ಬರೋ ಕಡೆ ಲೆಕ್ಕ ತಪ್ಪುತ್ತೆ. ಅದನ್ನ ತಿದ್ದೋ ಏರ್ಪಾಡು ಒಳಗೇ ಇರುತ್ತೆ. ನಿಮ್ಮ ಯಜಮಾನ್ರ ವಂಶದಲ್ಲಿ ಅದು ಹುಟ್ಟಿನಿಂದ್ಲೇ ಕೆಟ್ಟಿದೆ. ತಪ್ಪಿಗೆ ತಪ್ಪು ಸೇರಿ ಗಡ್ಡೆ ಆಗಿದೆ. ಹೊರಗಿಂದ ಬಂದ ಸೊಸೆ ಇದನ್ನ ಎಲ್ಲಿಂದ ತರ್ತಾಳೆ?"

ಪಿಳ್ಳಮ್ಮ ಪುಸ್ತಕ ತೆರೆದು ತಾವು ಬರೆದ ಸಾಲುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಮಗನ ಕೈಗೆ ತಾವೇ ಪೆನ್ನು ಕೊಟ್ಟರು.

ಕೃಷ್ಣಸ್ವಾಮಿ ಗೆದ್ದು ಬಂದ! ಆರು ತಿಂಗಳಲ್ಲಿ, ಉಳಿದ ಚೂರು ಜಠರಕ್ಕೆ ಹಿಡಿಸುವಷ್ಟು, ನಿಂಬೆಗಾತ್ರದ ಮುದ್ದೆಗಳನ್ನು ದಿನಕ್ಕೆ ಐದಾರು ಸಲ ಕೋಕಿಲಾಳ ಕೈಯಿಂದಲೇ ಕೇಳಿ ತಿನ್ನುವಂತಾದ. ಪಿಳ್ಳಮ್ಮ ಬೇರೆ ಒಲೆಯನ್ನು ಗುಜರಿಗೆ ಹಾಕಿ, ಕೋಕಿಲಾಳ ಜೊತೆ ಹಲಸೂರಿಗೆ ಹೋದರು.

ಅಮೃತಮ್ಮ ಹೊಲಿಗೆ ನಿಲ್ಲಿಸಲಿಲ್ಲ.

"ತಪ್ಪಾಯ್ತು ಕಣಮ್ಮಾ. ನಿನ್ನ ಕೈಯಾರೆ ಒಂದು ತುತ್ತು ಹಾಕು."

"ಇಲ್ಲಿ ಬೇಡ ಅತ್ತೆ," ಎಂದಳು ಅಮೃತಮ್ಮ. "ನನ್ನನ್ನ ಅಟ್ಟಿದ ಬೀದೀಲಿ ಕೂತು ಉಣ್ಣಿ."

ಭಾನುವಾರ ಕ್ವಾರ್ಟರ್ಸಿನ ಬೀದಿಯಲ್ಲಿ ಚಾಪೆ ಬಿತ್ತು. ಕಿಟಕಿ ಕಿಟಕಿಯಲ್ಲೂ ಮುಖಗಳು. ಕೋಕಿಲಾ ಈ ಸಲ ಬಾಗಿಲ ಹಿಂದಿರಲಿಲ್ಲ. ಓರಗಿತ್ತಿಯ ಪಕ್ಕ ಪಾತ್ರೆ ಹಿಡಿದು ನಿಂತಿದ್ದಳು. ಅಮೃತಮ್ಮ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅತ್ತೆಯ ಬಾಯಿಗಿಟ್ಟಳು. ಪಿಳ್ಳಮ್ಮ ನುಂಗಿದರು. ಕಣ್ಣೀರು ಸೆರಗಿಗೆ ಒರೆಸಿಕೊಂಡು, ಅಂದು ಬೈದಷ್ಟೇ ದೊಡ್ಡ ದನಿಯಲ್ಲಿ, ಕೇರಿಯೆಲ್ಲ ಕೇಳುವಂತೆ ಕೂಗಿದರು:

"ಇನ್ನೊಂದು ತುತ್ತು ಹಾಕಮ್ಮಾ!"