ಸುಕ್ಕಿಲ್ಲದ ಸೂಟ್‌ಕೇಸು

ನನ್ನ ಅತ್ತಿಗೆ ಸೂಟ್‌ಕೇಸಿಗೆ ಬಟ್ಟೆ ಜೋಡಿಸುವುದನ್ನು ನೀವು ಒಮ್ಮೆ ನೋಡಬೇಕು. ನಾವೆಲ್ಲ ಬಟ್ಟೆಯನ್ನು ತುರುಕುತ್ತೇವೆ, ಅವಳು ಮಲಗಿಸುತ್ತಾಳೆ. ಅಂಗಿಯ ಗುಂಡಿ ಒಂದು ಬಿಟ್ಟು ಒಂದು ಹಾಕಿ, ತೋಳುಗಳನ್ನು ಬೆನ್ನಿಗೆ ಮಡಚಿ, ಕಾಲರಿನಡಿ ರಟ್ಟಿನ ಪಟ್ಟಿ ತೂರಿಸಿ, ಅಂಗಿಗೂ ಅಂಗಿಗೂ ನಡುವೆ ತೆಳು ಕಾಗದ ಹಾಸುತ್ತಾಳೆ. ಅಷ್ಟಾದ ಮೇಲೆ ಯಾರೂ ಅದರ ಹತ್ತಿರ ಸುಳಿಯುವಂತಿಲ್ಲ. ಎಷ್ಟಾದರೂ ಲಾಂಡ್ರಿಯವಳು. ಅಂಗಡಿಯಲ್ಲಿ ಒಗೆಯುವ ಕಡೆ ನನ್ನಣ್ಣ, ಇಸ್ತ್ರಿಯ ಕಡೆ ಅವಳು. ಅವರ ಮದುವೆಯಾದಾಗಿನಿಂದ ಅಣ್ಣ ಸುಕ್ಕಾದ ಅಂಗಿ ತೊಟ್ಟು ಹೊಸ್ತಿಲು ದಾಟಿದ್ದನ್ನು ನಾನು ಕಂಡಿರಲಿಲ್ಲ. ಜನ ನಮ್ಮ ಬೋರ್ಡು ಓದುವ ಮೊದಲು ನಿಮ್ಮ ಕಾಲರು ನೋಡುತ್ತಾರೆ ಎಂದು ಅವನಿಗೆ ಹೇಳಿ ಹೇಳಿ ಅವಳ ನಾಲಿಗೆಯೇ ಸವೆದಿತ್ತು.

ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಹಳೆಯ ಕ್ಯಾಲೆಂಡರು ತೂಗುತ್ತಿತ್ತು. ತಿಂಗಳುಗಳೆಲ್ಲ ಹರಿದುಹೋಗಿ ಮೇಲಿನ ದಪ್ಪ ಚಿತ್ರವಷ್ಟೇ ಉಳಿದಿತ್ತು. ಯುರೋಪಿನ ಒಂದು ಹಳೆಯ ಊರಿನ ಓಣಿ. ಎರಡೂ ಕಡೆ ಎತ್ತರದ ಮನೆಗಳು, ಈ ಕಿಟಕಿಯಿಂದ ಆ ಕಿಟಕಿಗೆ ಎಳೆದ ಹಗ್ಗಗಳು, ಹಗ್ಗದ ತುಂಬ ಒಗೆದ ಬಟ್ಟೆ. ಆಕಾಶಕ್ಕೆ ಜಾಗವೇ ಇಲ್ಲದ ಹಾಗೆ ಅಂಗಿ, ಲಂಗ, ಹಾಸಿಗೆಯ ಹೊದಿಕೆ. ಗಿರಾಕಿಗಳಿಲ್ಲದಾಗ ಅಣ್ಣ ಅದರ ಮುಂದೆ ನಿಂತುಬಿಡುತ್ತಿದ್ದ. ಹಗ್ಗವನ್ನು ಹೇಗೆ ಎಳೆದುಕೊಳ್ಳುತ್ತಾರೆ, ನಡುವೆ ರಾಟೆ ಇರುತ್ತದೆಯೇ, ಅಂಗಿಯನ್ನು ಹೆಗಲಿಗೆ ಕ್ಲಿಪ್ಪು ಹಾಕಿ ನೇತುಹಾಕುತ್ತಾರೋ ಅಂಚಿಗೋ, ನೀರು ತೊಟ್ಟಿಕ್ಕಿ ಕೆಳಗಿನವನ ತಲೆ ನೆನೆದರೆ ಜಗಳವಾಗುವುದಿಲ್ಲವೇ. ಅವನ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಸಾಯುವುದರೊಳಗೆ ಒಮ್ಮೆ ಅದರ ಕೆಳಗೆ ನಿಂತು ಮೇಲೆ ನೋಡಬೇಕು, ಮತ್ತೇನೂ ಬೇಡ ಎನ್ನುತ್ತಿದ್ದ. ನನ್ನಣ್ಣ ಆಸೆಪಟ್ಟು ಕೇಳಿದ್ದು ಅದೊಂದನ್ನೇ. ಅದಕ್ಕೇ ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ನಾನು ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕೌಂಟರಿನವಳು. ದಿನವಿಡೀ ಜನರನ್ನು ಸಾಲಿನಲ್ಲಿ ನಿಲ್ಲಿಸಿ ನಿಲ್ಲಿಸಿ ನನ್ನ ಬಾಯಿ ಸ್ವಲ್ಪ ಜೋರು, ಅದು ಊರಿಗೇ ಗೊತ್ತು. ನಮ್ಮ ನೌಕರರ ಸಂಘದವರು ಬೇಸಿಗೆಯಲ್ಲಿ ಪ್ರವಾಸ ಹೊರಡಿಸಿದರು. ಊರಿನ ಹೆಸರು ಕೇಳಿದೊಡನೆ ನಾನು ಸೀದಾ ಲಾಂಡ್ರಿಗೆ ಓಡಿದೆ. ಕ್ಯಾಲೆಂಡರಿನ ಚಿತ್ರದ ಕೆಳಗೆ ಅಚ್ಚಾಗಿದ್ದದ್ದು ಅದೇ ಹೆಸರು. ಮನೆಯವರನ್ನೂ ಕರೆದುಕೊಂಡು ಬರಬಹುದು ಎಂದಿದ್ದರು. ಅಣ್ಣ ಒದ್ದೆ ಕೈಯನ್ನು ಒರೆಸಿಕೊಳ್ಳುವುದನ್ನೂ ಮರೆತು ನನ್ನ ತಲೆ ಸವರಿದ. ಅಂಗಡಿಗೆ ಬೀಗ ಹಾಕಿ ಅವರಿಬ್ಬರೂ ಊರು ಬಿಟ್ಟಿದ್ದು ಅದೇ ಮೊದಲು.

ಪ್ರವಾಸದ ಮೇಲ್ವಿಚಾರಕ ಹೊರಡುವ ಮುಂಚೆ ಎಲ್ಲರನ್ನೂ ಕೂರಿಸಿಕೊಂಡು ತಿಳಿಸಿ ಹೇಳಿದ್ದ. ಪರದೇಶ ಅಂದರೆ ಚಳಿ ಅಂದುಕೊಳ್ಳಬೇಡಿ, ಈ ಸಲ ಅಲ್ಲಿ ಬಿಸಿಲು ಸುಡುತ್ತಿದೆ, ತೆಳು ಹತ್ತಿಯ ಸಡಿಲ ಬಟ್ಟೆ ತನ್ನಿ, ಟೋಪಿ ತನ್ನಿ ಎಂದಿದ್ದ. ಅತ್ತಿಗೆ ತಲೆಯಾಡಿಸುತ್ತಾ ಕೇಳಿಸಿಕೊಂಡಳು. ಮನೆಗೆ ಬಂದು ಮಾಡಿದ್ದು ಮಾತ್ರ ತನ್ನದೇ ಲೆಕ್ಕ. ಹತ್ತಿಯ ಅಂಗಿ ಸೂಟ್‌ಕೇಸಿನಲ್ಲಿ ಒಂದು ರಾತ್ರಿ ಕಳೆದರೆ ನೆಲ ಒರೆಸುವ ಬಟ್ಟೆಯಾಗುತ್ತದೆ, ಅಲ್ಲಿ ಇಸ್ತ್ರಿಪೆಟ್ಟಿಗೆ ಎಲ್ಲಿಂದ ತರುವುದು, ಆದ್ದರಿಂದ ಪಾಲಿಯೆಸ್ಟರ್ ಬೆರೆತ ಟೆರಿಕಾಟೇ ಸರಿ. ತುಂಬುತೋಳು, ಗಟ್ಟಿ ಕಾಲರು, ಹಿಂಡಿ ಕೊಡವಿದರೂ ಸುಕ್ಕಾಗದ್ದು. ಬಟ್ಟೆಯ ಕಸುಬು ಗೊತ್ತಿಲ್ಲದ ಯಾವ ಹೆಂಡತಿಯೂ ಹಾಗೆ ಯೋಚಿಸುತ್ತಿರಲಿಲ್ಲ.

ಅಣ್ಣನ ಹತ್ತಿರ ಒಂದು ಅಂಗಿಯಿತ್ತು. ತಿಳಿನೀಲಿ, ಅರ್ಧತೋಳು, ಒಗೆದೂ ಒಗೆದೂ ಬೆಣ್ಣೆಯಂತಾದ ಹತ್ತಿ. ಒಗೆಯುವ ಕಡೆ ಹಬೆಯಲ್ಲಿ ನಿಲ್ಲುವಾಗ ಅದನ್ನೇ ತೊಡುತ್ತಿದ್ದ. ಅದನ್ನು ತಂದು ಸೂಟ್‌ಕೇಸಿನ ಮೂಲೆಗೆ ಇಟ್ಟ. ಅತ್ತಿಗೆ ತೆಗೆದು ಮಂಚದ ಮೇಲೆ ಹಾಕಿದಳು. ಅವಳು ಅತ್ತ ತಿರುಗಿದಾಗ ಇವನು ಮತ್ತೆ ಇಟ್ಟ. ಮತ್ತೆ ತೆಗೆದಳು. ಮಕ್ಕಳಾಟದ ಹಾಗೆ ಇದು ನಡೆಯುತ್ತಲೇ ಇತ್ತು, ನಾನು ಬಾಗಿಲಿಗೊರಗಿ ನಗುತ್ತಿದ್ದೆ.

"ಬಿಸಿಲಂತೆ ಕಣೇ ಅಲ್ಲಿ," ಎಂದ ಅಣ್ಣ ಕೊನೆಗೆ. "ಇದೊಂದು ಇರಲಿ ಬಿಡು."

"ಯಾರೋ ಅಗಿದು ಉಗಿದ ಹಾಗೆ ಇದೆ ಅದು. ಅಷ್ಟು ದೂರ ಹೋಗಿ ಅವರ ಮುಂದೆ ಇದನ್ನ ಹಾಕ್ಕೊಂಡು ನಿಲ್ತೀರಾ? ಲಾಂಡ್ರಿಯವರು ನಾವು."

ಅವರೇನು ನಾಳೆಯಿಂದ ನಿಮ್ಮ ಅಂಗಡಿಗೆ ಬಟ್ಟೆ ಹಾಕುತ್ತಾರಾ ಎಂದು ನಾನು ಕಾಲೆಳೆದೆ. ಅತ್ತಿಗೆಗೂ ನಗು ಬಂತು. ಆದರೆ ನೀಲಿ ಅಂಗಿ ಬೀರುವಿಗೆ ಹೋಯಿತು, ಬೀಗದ ಕೈ ಅವಳ ಸೊಂಟಕ್ಕೆ ಹೋಯಿತು. ಅಣ್ಣ ಜಗಳಕ್ಕೆ ನಿಲ್ಲುವವನಲ್ಲ. ಹೋಗಲಿ, ಓಣಿ ನೋಡಿದರೆ ಸಾಕು ಎಂದು ಸುಮ್ಮನಾದ.

ಆ ಊರಿಗೆ ಇಳಿದ ಬೆಳಿಗ್ಗೆಯೇ ಚೌಕ ನೋಡಲು ಹೊರಟೆವು. ಅಬ್ಬಾ, ಅದೇನು ಬಿಸಿಲು! ಕಲ್ಲು ಹಾಸಿದ ನೆಲ ಕಾದ ಕಾವಲಿಯಾಗಿತ್ತು. ಅಲ್ಲಿನ ಜನ ನೋಡಿದರೆ ಮುದುಕರು, ಮಕ್ಕಳು, ಆಫೀಸಿಗೆ ಹೋಗುವವರು ಎಲ್ಲರೂ ಮುದುಡಿದ ಲಿನನ್ ಅಂಗಿ, ಮುದುಡಿದ ಪ್ಯಾಂಟು, ಎದೆಯ ಗುಂಡಿ ಬಿಚ್ಚಿಕೊಂಡು ಗಾಳಿಗೆ ಹಾರಾಡಿಸಿಕೊಂಡು ನಡೆಯುತ್ತಿದ್ದರು. ಈ ಊರಿಗೆ ಊರೇ ಹಾಸಿಗೆಯಿಂದ ಎದ್ದು ಬಂದಿದೆಯೇನೋ ಎಂದು ಅತ್ತಿಗೆ ಮೂಗು ಮುರಿದಳು. ಇಡೀ ಚೌಕದಲ್ಲಿ ಸುಕ್ಕಿಲ್ಲದವನು ನನ್ನಣ್ಣ ಒಬ್ಬನೇ. ಕತ್ತಿನವರೆಗೆ ಗುಂಡಿ, ಮಣಿಕಟ್ಟಿನವರೆಗೆ ತೋಳು, ಕಿವಿಯ ಹಿಂದೆ ಬೆವರಿನ ಧಾರೆ. ಆದರೂ ಮುಖದಲ್ಲಿ ನಗು. ಕಂಡ ಓಣಿಗಳಿಗೆಲ್ಲ ಕತ್ತು ಹಾಕಿ ಇಣುಕುತ್ತಿದ್ದ. ಮೇಲಿನ ಗುಂಡಿಯಾದರೂ ಬಿಚ್ಚೋ ಎಂದು ನಾನು ಹೇಳಿದಾಗ ಅವನು ಅತ್ತಿಗೆಯ ಕಡೆ ನೋಡಿದ. ಅವಳು ಆ ಗುಂಡಿಯ ಮೇಲಿನ ಧೂಳು ಕೊಡವಿದಳು. ಅವನು ಬಿಚ್ಚಲಿಲ್ಲ.

ಕಾರಂಜಿಯ ಕಟ್ಟೆಯ ಮೇಲೆ ಸ್ವಲ್ಪ ಕೂರುತ್ತೇನೆ ಎಂದವನು ಕೂತಲ್ಲೇ ಜಾರಿ ನೆಲಕ್ಕೆ ಬಿದ್ದ.

ಅವನನ್ನು ಹೊತ್ತು ಹೋಟೆಲಿಗೆ ತಂದೆವು. ಅಲ್ಲಿನವರು ಕರೆಸಿದ ಡಾಕ್ಟರಮ್ಮ ಮೊದಲು ಮಾಡಿದ ಕೆಲಸ ಕತ್ತರಿ ತೆಗೆದು ಆ ಅಂಗಿಯನ್ನು ಸೀಳಿದ್ದು. ಗುಂಡಿ ಬಿಚ್ಚುವಷ್ಟು ತಾಳ್ಮೆ ಆಕೆಗಿರಲಿಲ್ಲ. ಇಂಥ ಬಟ್ಟೆಯಲ್ಲಿ ಮೈಗೆ ಗಾಳಿಯೇ ಆಡುವುದಿಲ್ಲ, ಜೀವ ಉಳಿದದ್ದು ಪುಣ್ಯ, ವಾಪಸು ಹೊರಡುವವರೆಗೆ ಕೋಣೆಯಿಂದ ಹೊರಗೆ ಕಾಲಿಡಕೂಡದು, ಬೆಳಿಗ್ಗೆಯೂ ಇಲ್ಲ, ಸಂಜೆಯೂ ಇಲ್ಲ. ಮೇಲ್ವಿಚಾರಕ ಇದನ್ನೆಲ್ಲ ನಮಗೆ ತಿಳಿಸುತ್ತಿದ್ದಾಗ ಅತ್ತಿಗೆ ಸೀಳಿದ ಅಂಗಿಯನ್ನು ಎದೆಗವಚಿಕೊಂಡು ನಿಂತಿದ್ದಳು. ಅದನ್ನು ಮಡಚುವುದು ಅವಳಿಗೆ ತೋಚಲಿಲ್ಲ. ನಾನು ಎದುರಿನ ಅಂಗಡಿಯಿಂದ ಒಂದು ಸಡಿಲ ಹತ್ತಿಯ ಅಂಗಿ ಕೊಂಡು ತಂದೆ. ಅತ್ತಿಗೆಯೇ ತೊಡಿಸಿದಳು. ಎದೆಯ ಮೇಲಿನ ಸುಕ್ಕನ್ನು ಅಂಗೈಯಿಂದ ತೀಡಲು ಹೋಗಿ, ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು.

ಉಳಿದ ದಿನಗಳೆಲ್ಲ ಪರದೆ ಎಳೆದ ಆ ಕೋಣೆಯಲ್ಲೇ ಕಳೆದವು. ಒದ್ದೆ ಟವೆಲು, ಉಪ್ಪು ಸಕ್ಕರೆ ಕಲಸಿದ ನೀರು, ಗೊಣಗುವ ಫ್ಯಾನು. ನೀವಿಬ್ಬರಾದರೂ ಹೋಗಿ ಹುಡುಕಿ, ರಾಟೆ ಇದೆಯಾ ನೋಡಿಕೊಂಡು ಬಂದು ಹೇಳಿ ಎಂದು ಅಣ್ಣ ಗೋಗರೆದ. ಅತ್ತಿಗೆ ಜಪ್ಪಯ್ಯ ಅಂದರೂ ಕದಲಲಿಲ್ಲ. ಅವನನ್ನು ಬಿಟ್ಟು ನೋಡುವಂಥದ್ದು ಏನಿದೆ ಎಂದು ನಾನೂ ಕೂತುಬಿಟ್ಟೆ. ಹೋಗಬೇಕಿತ್ತು. ಬರೀ ಆ ಮೂಲೆಯವರೆಗೆ ಹೋಗಿದ್ದರೂ ಸಾಕಿತ್ತು.

ಯಾಕೆಂದರೆ ಹೊರಡುವ ದಿನ ನಮ್ಮ ಬಸ್ಸು ಹೋಟೆಲಿನಿಂದ ಹೊರಟು ಮೊದಲ ಮೂಲೆ ತಿರುಗಿತಷ್ಟೆ. ಕಿಟಕಿಯಾಚೆ ಅದೇ ಓಣಿ. ಅವೇ ಎತ್ತರದ ಮನೆಗಳು, ಅವೇ ಹಗ್ಗಗಳು. ಬಿಳಿ ಹೊದಿಕೆಗಳು ಬಿಸಿಲಿಗೆ ಉಬ್ಬಿಕೊಂಡಿದ್ದವು. ಒಬ್ಬ ಹೆಂಗಸು ಕಿಟಕಿಯಿಂದ ಬಾಗಿ ಹಗ್ಗ ಎಳೆಯುತ್ತಿದ್ದಳು, ಅಂಗಿಗಳೆಲ್ಲ ಸಾಲಾಗಿ ಅವಳ ಕಡೆ ಹೊರಟಿದ್ದವು. ಅಣ್ಣ ಬಸ್ಸು ಹತ್ತಿದ ಆಯಾಸಕ್ಕೇ ಅತ್ತಿಗೆಯ ಹೆಗಲಿಗೆ ತಲೆಯಿಟ್ಟು ನಿದ್ದೆಹೋಗಿದ್ದ. ನಾನು ಅರ್ಧ ಎದ್ದೇಬಿಟ್ಟೆ. ಅತ್ತಿಗೆ ಅವನ ಹೆಗಲು ಅಲುಗಿಸಿದಳು, ಜೋರಾಗಿಯೇ ಅಲುಗಿಸಿದಳು. ಅವನು ಕಣ್ಣು ಬಿಡುವಷ್ಟರಲ್ಲಿ ಬಸ್ಸು ತಿರುಗಿ ದೊಡ್ಡ ರಸ್ತೆಗೆ ಬಿದ್ದಿತ್ತು. ಎರಡೂ ಕಡೆ ಗಾಜಿನ ಕಟ್ಟಡಗಳು.

"ಏನು?" ಎಂದ ಅಣ್ಣ.

ಅತ್ತಿಗೆ ನನ್ನ ಮುಖ ನೋಡಿದಳು. ಅವಳ ಕಣ್ಣು ತುಂಬಿತ್ತು. ಆಮೇಲೆ ಕೈಯೆತ್ತಿ ಅವನ ಕಾಲರು ಸರಿಮಾಡಿದಳು.

"ಏನಿಲ್ಲ. ಕಾಲರು ಮಡಚಿಕೊಂಡಿತ್ತು."

ಊರಿಗೆ ಬಂದ ಮೇಲೆ ನಮ್ಮ ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟರು. ಇನ್ನು ದೂರದ ಪ್ರಯಾಣ ಈ ಮೈಗೆ ಆಗದು. ಒಗೆಯುವ ಕಡೆ ಬೇರೆಯವನನ್ನು ಇಟ್ಟುಕೊಂಡು ಅಣ್ಣ ಗಲ್ಲಾಪೆಟ್ಟಿಗೆಯ ಮುಂದೆ ಕೂತ. ಮೈಮೇಲೆ ನೀಲಿ ಅಂಗಿ. ಅತ್ತಿಗೆ ಅದಕ್ಕೆ ಈಗ ಇಸ್ತ್ರಿ ಸೋಕಿಸುವುದಿಲ್ಲ. ಅವನು ಸುಕ್ಕಿನೊಂದಿಗೇ ಗಿರಾಕಿಗಳ ಮುಂದೆ ಕೂರುತ್ತಾನೆ, ಯಾರೂ ಅವನ ಕಾಲರು ನೋಡುವುದಿಲ್ಲ.

ಒಂದು ಮಧ್ಯಾಹ್ನ ನಾನು ಹೋದಾಗ ಗೋಡೆಯಲ್ಲಿ ಕ್ಯಾಲೆಂಡರು ಇರಲಿಲ್ಲ. ಅಣ್ಣ ಅದನ್ನು ಮೇಜಿನ ಮೇಲೆ ಹರಡಿಕೊಂಡು ಕತ್ತರಿಯಲ್ಲಿ ಉದ್ದುದ್ದ ಪಟ್ಟಿ ಕತ್ತರಿಸುತ್ತಿದ್ದ. ಕಾಲರಿನಡಿ ಇಡುವ ರಟ್ಟು ಮುಗಿದಿತ್ತಂತೆ.

"ಅಂಥ ಓಣಿ ಇರಲಿಕ್ಕಿಲ್ಲ ಕಣೇ," ಎಂದ ನನಗೆ. "ಕ್ಯಾಲೆಂಡರಿನವರು ಚಿತ್ರಕ್ಕೆ ಅಂತ ಕಟ್ಟಿರ್ತಾರೆ. ಇದ್ದಿದ್ರೆ ನಿಮ್ಮಲ್ಲಿ ಯಾರ ಕಣ್ಣಿಗಾದ್ರೂ ಬೀಳ್ತಿತ್ತು."

ಬಾಯಿಬಡುಕಿಯಾದ ನಾನೇ ಅತ್ತಿಗೆಯ ಕಡೆ ನೋಡಿದೆ. ಅತ್ತಿಗೆ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟಳು.

"ಇರಲಿಕ್ಕಿಲ್ಲ," ಎಂದಳು.

ಅವನು ಕೊಟ್ಟ ಪಟ್ಟಿಗಳನ್ನು ಒಂದೊಂದಾಗಿ ತೆಗೆದುಕೊಂಡು, ಚಿತ್ರ ಒಳಮುಖವಾಗಿರುವಂತೆ ನೋಡಿಕೊಂಡು, ಗಿರಾಕಿಗಳ ಅಂಗಿಯ ಕಾಲರಿನಡಿ ತೂರಿಸುತ್ತಾ ಹೋದಳು.